ಜೀವಕೋಶದ ಅನಾಥ ಗ್ರಾಹಿಗಳು

ನಾವು ಉಂಡ ಅನ್ನ ಮೈಗೂಡುವುದು ಹೇಗೆ ಎಂಬ ಪ್ರಶ್ನೆ ಬಹಳ ಹಳೆಯದು. ಉಂಡದ್ದರಲ್ಲಿ ಇಷ್ಟು ಈಗಲೇ ಉರಿದು ಶಕ್ತಿಯಾಗಬೇಕು, ಇಷ್ಟು ಕೊಬ್ಬಾಗಿ ಮುಂದಿನ ಹೊತ್ತಿಗೆ ಉಳಿಯಬೇಕು, ಇಷ್ಟು ಪಿತ್ತವಾಗಿ ಕರುಳಿಗೆ ಇಳಿಯಬೇಕು ಎಂಬ ಲೆಕ್ಕವನ್ನು ಯಾರು ಇಡುತ್ತಾರೆ? ನಾವಂತೂ ಇಡುವುದಿಲ್ಲ. ಕೈತೊಳೆದು ಎಲೆಯ ಮುಂದಿನಿಂದ ಎದ್ದಮೇಲೆ ಆ ಅನ್ನದ ಯೋಚನೆಯೇ ನಮಗಿರುವುದಿಲ್ಲ. ಆದರೂ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪಿದರೆ ಸಕ್ಕರೆ ಕಾಯಿಲೆ, ರಕ್ತದಲ್ಲಿ ಕೊಬ್ಬಿನ ಏರಿಕೆ, ಯಕೃತ್ತಿನಲ್ಲಿ ಕೊಬ್ಬು ಕಟ್ಟುವುದು ಮೊದಲಾದ ರೋಗಗಳು ತಲೆದೋರುತ್ತವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10 ಕೋಟಿ. ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ ಸುಮಾರು 13 ಕೋಟಿ 60 ಲಕ್ಷ. ಹೀಗಿರುವಾಗ ಮೈಯೊಳಗಿನ ಲೆಕ್ಕಿಗರು ಯಾರೆಂದು ತಿಳಿಯುವುದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಆ ಲೆಕ್ಕಿಗರ ಒಂದು ಗುಂಪಿಗೆ ವಿಜ್ಞಾನಿಗಳು ವಿಚಿತ್ರವಾದ ಹೆಸರೊಂದನ್ನು ಇಟ್ಟಿದ್ದಾರೆ: ಅನಾಥ ಗ್ರಾಹಿಗಳು. ಕೇಳಿದೊಡನೆ ಕರುಣೆ ಹುಟ್ಟಿಸುವ ಹೆಸರು. ಇವುಗಳನ್ನು ಅನಾಥ ಎಂದು ಏಕೆ ಕರೆದರು, ಇವುಗಳಲ್ಲಿ ಹಲವಕ್ಕೆ ನಾಥರು ಹೇಗೆ ದೊರೆತರು, ದೊರೆತದ್ದರಿಂದ ರೋಗಿಗೆ ಬಂದ ಲಾಭವೇನು, ಎಚ್ಚರವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಗ್ರಾಹಿ ಎಂದರೇನು ಎಂಬುದನ್ನು ನೋಡಬೇಕು. ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ರಸದಲ್ಲಿನ ಸಂದೇಶವಾಹಕ ವಸ್ತುವಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದನು. ಹಾರ್ಮೋನು ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ. ಆದರೆ ಎಲ್ಲ ಜೀವಕೋಶಗಳೂ ಅದಕ್ಕೆ ಕಿವಿಗೊಡುವುದಿಲ್ಲ. ಅದನ್ನು ಗುರುತಿಸಿ ಹಿಡಿಯಬಲ್ಲ ಸಸಾರಜನಕದ ಒಂದು ಅಣು ಯಾವ ಕೋಶದಲ್ಲಿದೆಯೋ ಆ ಕೋಶ ಮಾತ್ರ ಕೇಳುತ್ತದೆ. ಹೀಗೆ ಹಿಡಿಯುವ ಅಣುವೇ ಗ್ರಾಹಿ. ಇನ್ಸುಲಿನ್ನಿನಂಥ ಹಾರ್ಮೋನು ಕೋಶದ ಒಳಗೆ ಹೋಗಲಾರದು. ಹೊರಗೋಡೆಯಲ್ಲಿರುವ ಗ್ರಾಹಿಯನ್ನು ತಟ್ಟಿ ಅಲ್ಲಿಂದಲೇ ಸುದ್ದಿ ಮುಟ್ಟಿಸುತ್ತದೆ. ಗಂಡುಹೆಣ್ಣಿನ ಲಕ್ಷಣಗಳನ್ನು ರೂಪಿಸುವ ಹಾರ್ಮೋನುಗಳು, ಥೈರಾಯ್ಡ್ ಗ್ರಂಥಿಯ ಹಾರ್ಮೋನು ಮುಂತಾದವು ಹಾಗಲ್ಲ. ಇವು ನೇರವಾಗಿ ಒಳಹೊಕ್ಕು ಕೋಶದ ನಡುವಣ ಕೇಂದ್ರದವರೆಗೂ ಪ್ರಭಾವ ಬೀರುತ್ತವೆ. ಇವುಗಳನ್ನು ಹಿಡಿಯುವ ಗ್ರಾಹಿಗಳಿಗೆ ಕೇಂದ್ರಗ್ರಾಹಿಗಳೆಂದು ಹೆಸರು.

ಇದನ್ನು ಹಿಂದಿನ ಕಾಲದ ನಮ್ಮ ಹಳ್ಳಿಯ ವ್ಯವಸ್ಥೆಗೆ ಹೋಲಿಸಬಹುದು. ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ದಫ್ತರದಲ್ಲಿ ಇರುತ್ತಿತ್ತು. ತಾಲ್ಲೂಕು ಕಚೇರಿಯಿಂದ ಅಮಲ್ದಾರರ ಹುಕುಂ ಬಂತೆಂದರೆ ಶಾನುಭೋಗರು ಗಂಟು ಬಿಚ್ಚಿ, ಬೇಕಾದ ಹಾಳೆಯನ್ನು ತೆಗೆದು ಓದುತ್ತಿದ್ದರು. ಓದಿದಂತೆ ಊರಿನಲ್ಲಿ ಕೆಲಸ ನಡೆಯುತ್ತಿತ್ತು. ಜೀವಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ. ಎಂಬ ದಾರವೇ ಆ ದಫ್ತರ. ಅದರಲ್ಲಿನ ಒಂದೊಂದು ಜೀನೂ ಒಂದೊಂದು ಹಾಳೆ. ಹಾರ್ಮೋನು ಅಮಲ್ದಾರರ ಹುಕುಂ. ಕೇಂದ್ರಗ್ರಾಹಿಯೇ ಶಾನುಭೋಗ. ಹುಕುಂ ಕೈಗೆ ಬಂದೊಡನೆ ಅದು ದಫ್ತರದ ಗೊತ್ತಾದ ಜಾಗವನ್ನು ಹಿಡಿದು ಇಂಥ ಹಾಳೆಯನ್ನು ತೆರೆಯಿರಿ, ಇಂಥದನ್ನು ಮುಚ್ಚಿರಿ ಎನ್ನುತ್ತದೆ.

ಇಂಥ ಶಾನುಭೋಗನೊಬ್ಬನು ಇದ್ದಾನೆಂಬುದು ಹಿಂದೆ ಯಾರಿಗೂ ತಿಳಿದಿರಲಿಲ್ಲ. ಹಾರ್ಮೋನು ತಾನೇ ರಾಸಾಯನಿಕ ಕ್ರಿಯೆಯಲ್ಲಿ ಪಾಲುಗೊಂಡು ಕೆಲಸ ನಡೆಸುತ್ತದೆಂದು ಪಂಡಿತರು ಎಣಿಸಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಎಲ್‌ವುಡ್ ಜೆನ್ಸನ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದನು. ಹೆಣ್ಣಿನ ಹಾರ್ಮೋನಿಗೆ ವಿಕಿರಣ ಸೂಸುವ ಜಲಜನಕವನ್ನು ಗುರುತಾಗಿ ಅಂಟಿಸಿ, ಅತ್ಯಲ್ಪ ಪ್ರಮಾಣದಲ್ಲಿ ಎಳೆಯ ಇಲಿಗಳಿಗೆ ಕೊಟ್ಟು, ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡಿದನು. ರಕ್ತದಿಂದ ಅದು ಬೇಗ ಮಾಯವಾಯಿತು. ಗರ್ಭಕೋಶದಲ್ಲಿ ಮಾತ್ರ ಬಹಳ ಹೊತ್ತು ಉಳಿಯಿತು. ಉಳಿದದ್ದು ಯಾವ ಬದಲಾವಣೆಯನ್ನೂ ಹೊಂದದೆ ಹಾಗೆಯೇ ಇತ್ತು. ಎಂದಮೇಲೆ ಅಲ್ಲಿ ಅದನ್ನು ಹಿಡಿದುಕೊಳ್ಳುವ ಏನೋ ಒಂದು ಇರಲೇಬೇಕಲ್ಲವೆ? ಕೇಂದ್ರಗ್ರಾಹಿಗಳ ಶಾಸ್ತ್ರ ಮೊದಲಾದುದು ಅಲ್ಲಿಂದ.

ಮುಂದೆ ಸುಮಾರು ಕಾಲು ಶತಮಾನದ ಮೇಲೆ ಈ ಗ್ರಾಹಿಗಳ ಜೀನುಗಳನ್ನೇ ಬೇರ್ಪಡಿಸಿ ಓದುವ ವಿದ್ಯೆ ಕೈಗೂಡಿತು. 1985ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ ರೊನಾಲ್ಡ್ ಇವಾನ್ಸ್ ಮತ್ತು ಅವನ ಸಂಗಡಿಗರು ಕಾರ್ಟಿಸಾಲಿನ ಗ್ರಾಹಿಯ ಜೀನನ್ನು ಓದಿದರು. 1986ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಪಿಯೆರ್ ಷಾಂಬೋನನ ಗುಂಪು ಹೆಣ್ಣಿನ ಹಾರ್ಮೋನಿನ ಗ್ರಾಹಿಯದನ್ನು ಓದಿತು. ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದಾಗ ಅಚ್ಚರಿಯೊಂದು ಕಂಡಿತು. ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು. ನಡುವೆ ಡಿ.ಎನ್.ಎ.ಯನ್ನು ಹಿಡಿಯುವ, ಸತುವಿನ ಅಣುಗಳಿಂದ ಬಿಗಿದ ಎರಡು ಬೆರಳುಗಳು; ತುದಿಯಲ್ಲಿ ಹಾರ್ಮೋನು ಬಂದು ಕೂಡುವ ಒಂದು ಗೂಡು.

ಅಚ್ಚು ಗೊತ್ತಾದ ಮೇಲೆ ಅದೇ ಅಚ್ಚಿನವು ಇನ್ನೂ ಎಷ್ಟಿವೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. 1988ರಲ್ಲಿ ಇವಾನ್ಸನ ಪ್ರಯೋಗಶಾಲೆಯಲ್ಲಿ ವಿನ್ಸೆಂಟ್ ಜಿಗೇರ್ ಮತ್ತು ಸಂಗಡಿಗರಿಗೆ ಇಂಥ ಎರಡು ದೊರೆತವು. ರೂಪದಲ್ಲಿ ಅವು ಹೆಣ್ಣಿನ ಹಾರ್ಮೋನಿನ ಗ್ರಾಹಿಯ ಸೋದರಿಯರಂತೆಯೇ ಇದ್ದವು. ಆದರೆ ಆ ಹಾರ್ಮೋನನ್ನು ಒಡ್ಡಿದರೆ ಅವು ಹಿಡಿಯಲೇ ಇಲ್ಲ. ತಿಳಿದಿದ್ದ ಬೇರೆ ಹಾರ್ಮೋನುಗಳನ್ನು ಒಡ್ಡಿದರೂ ಇಲ್ಲ. ಶಾನುಭೋಗನಿದ್ದಾನೆ, ದಫ್ತರವಿದೆ, ಹುಕುಂ ಹಿಡಿಯುವ ಕೈಯೂ ಇದೆ. ಹುಕುಂ ಕಳಿಸುವ ಅಮಲ್ದಾರ ಮಾತ್ರ ಯಾರೆಂದು ಗೊತ್ತಿಲ್ಲ. ಹಾರ್ಮೋನಿನ ಗೊತ್ತುಗುರಿಯಿಲ್ಲದ ಈ ಗ್ರಾಹಿಗಳೇ ಅನಾಥ ಗ್ರಾಹಿಗಳು. ಮುಂದಿನ ಹತ್ತು ವರ್ಷಗಳಲ್ಲಿ ಇಂಥವು ಒಂದರ ಮೇಲೊಂದು ಸಿಕ್ಕವು. ಮನುಷ್ಯನ ದೇಹದಲ್ಲಿ ಈಗ ಎಣಿಸಿರುವ ಕೇಂದ್ರಗ್ರಾಹಿಗಳು ಒಟ್ಟು 48. ಕಂಡುಹಿಡಿದಾಗ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅನಾಥವಾಗಿಯೇ ಇದ್ದವು.

ಇಲ್ಲಿ ಶಾಸ್ತ್ರದ ದಾರಿಯೇ ತಿರುವುಮುರುವಾಯಿತು. ಹಿಂದೆ ಮೊದಲು ಹಾರ್ಮೋನು ಸಿಕ್ಕುತ್ತಿತ್ತು, ಬಳಿಕ ಅದರ ಗ್ರಾಹಿಯನ್ನು ಹುಡುಕುತ್ತಿದ್ದರು. ಈಗ ಗ್ರಾಹಿಯನ್ನು ಕೈಯಲ್ಲಿ ಹಿಡಿದುಕೊಂಡು ಅದರ ಒಡೆಯನನ್ನು ಹುಡುಕಬೇಕಾಯಿತು. ಹೀಗೆ ಮೊದಲು ನೆಲೆ ಕಂಡದ್ದು ಆರ್.ಎಕ್ಸ್.ಆರ್. ಎಂಬುದು. 1990ರಲ್ಲಿ ಕಂಡ ಈ ಗ್ರಾಹಿ ಎ ಜೀವಸತ್ವದ ಒಂದು ರೂಪವನ್ನು ಹಿಡಿಯುತ್ತದೆಂದು 1992ರಲ್ಲಿ ತಿಳಿಯಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಇದು ಇತರ ಹಲವು ಅನಾಥರಿಗೆ ಜೊತೆಗಾರ. ಒಂಟಿಯಾಗಿ ದಫ್ತರ ಬಿಚ್ಚಲಾರದ ಗ್ರಾಹಿಗಳು ಇದರ ಕೈಹಿಡಿದು ಇಬ್ಬಿಬ್ಬರಾಗಿ ಕೆಲಸ ಮಾಡುತ್ತವೆ.

ಉಳಿದ ಅನಾಥರ ಒಡೆಯರು ಯಾರೆಂದು ತಿಳಿದಾಗ ಎಲ್ಲರಿಗೂ ಬೆರಗಾಯಿತು. ಹೊಸ ಹಾರ್ಮೋನುಗಳು, ಹೊಸ ಗ್ರಂಥಿಗಳು ಸಿಕ್ಕಾವೆಂದು ಕಾದಿದ್ದವರಿಗೆ ಸಿಕ್ಕಿದ್ದು ಅಡಿಗೆಮನೆಯ ಸಾಮಾನು! ಕೊಬ್ಬಿನ ಆಮ್ಲ, ಕೊಲೆಸ್ಟರಾಲಿನ ರೂಪಾಂತರಗಳು, ಪಿತ್ತದ ಆಮ್ಲ: ನಾವು ಉಂಡ ಆಹಾರದಿಂದ ದೇಹದಲ್ಲಿ ಆಗುವ ವಸ್ತುಗಳೇ ಇವುಗಳ ಅಮಲ್ದಾರರು. ಎಂದರೆ ಈ ಶಾನುಭೋಗರು ದೂರದ ಕಚೇರಿಯ ಹುಕುಮಿಗೆ ಕಾಯುವವರಲ್ಲ. ಊರಿನ ಕಣಜಕ್ಕೆ ತಾವೇ ಕೈಹಾಕಿ ನೋಡಿ, ಕಾಳು ಹೆಚ್ಚಿದೆಯೋ ಕಡಮೆಯಿದೆಯೋ ಎಂದು ತಿಳಿದು, ಅದಕ್ಕೆ ತಕ್ಕ ಹಾಳೆಯನ್ನು ತೆರೆಯುವವರು. ಆರಂಭದಲ್ಲಿ ನಾವು ಕೇಳಿದ ಲೆಕ್ಕಿಗರು ಇವರೇ.

ಕೆಲವರ ಪರಿಚಯವನ್ನಾದರೂ ಮಾಡಿಕೊಳ್ಳೋಣ. 1960ರ ದಶಕದಿಂದ ವೈದ್ಯರು ರಕ್ತದ ಕೊಬ್ಬನ್ನು ಇಳಿಸಲು ಕ್ಲೋಫೈಬ್ರೇಟ್ ಎಂಬ ಔಷಧವನ್ನು ಕೊಡುತ್ತಿದ್ದರು. ಕೊಬ್ಬು ಇಳಿಯುತ್ತಿತ್ತು, ಹೇಗೆ ಇಳಿಯುತ್ತದೆಂದು ಕೊಡುವವರಿಗೂ ಗೊತ್ತಿರಲಿಲ್ಲ. 1990ರಲ್ಲಿ ಇಂಗ್ಲೆಂಡಿನ ಇಸೆಮನ್ ಮತ್ತು ಗ್ರೀನ್ ಎಂಬುವರು ಈ ಬಗೆಯ ಔಷಧಕ್ಕೆ ಎಚ್ಚರಗೊಳ್ಳುವ ಗ್ರಾಹಿಯೊಂದನ್ನು ಕಂಡುಹಿಡಿದರು. ಅದರ ಹೆಸರು ಪಿ.ಪಿ.ಎ.ಆರ್. ಆಲ್ಫಾ. ಕೊಬ್ಬಿನ ಆಮ್ಲಗಳೇ ಅದರ ಸಹಜ ಒಡೆಯರೆಂದು ಆಮೇಲೆ ಗೊತ್ತಾಯಿತು. ಇದರ ಮುಖ್ಯ ಕೆಲಸ ಉಪವಾಸದ ಹೊತ್ತಿನದು. ಏಕಾದಶಿಯ ದಿನ ಉಪವಾಸವಿರುವವರ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಮುಗಿಯುತ್ತ ಬಂದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಇಳಿಯುತ್ತದೆ. ಯಕೃತ್ತಿನಲ್ಲಿರುವ ಈ ಗ್ರಾಹಿ ಆ ಕೊಬ್ಬನ್ನು ಉರಿಸುವ ಹಾಳೆಗಳನ್ನು ತೆರೆಯುತ್ತದೆ. ಮಿದುಳಿಗೆ ಬೇಕಾದ ಬದಲಿ ಉರುವಲೂ ಅದರಿಂದ ಸಿದ್ಧವಾಗುತ್ತದೆ. ಈ ಗ್ರಾಹಿಯಿಲ್ಲದಂತೆ ಮಾಡಿದ ಇಲಿಗಳನ್ನು ಉಪವಾಸ ಕೆಡವಿದಾಗ ಅವುಗಳ ರಕ್ತದ ಸಕ್ಕರೆ ಕುಸಿದು, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿತೆಂದು 1999ರಲ್ಲಿ ತೋರಿಸಿಕೊಟ್ಟರು. ಕಣಜದಲ್ಲಿ ಕಾಳು ತುಂಬಿದೆ, ಬಾಗಿಲು ತೆಗೆಯುವವರಿಲ್ಲದೆ ಊರು ಹಸಿದಿದೆ, ಅದೇ ಸ್ಥಿತಿ.

ಇದರ ತಮ್ಮ ಪಿ.ಪಿ.ಎ.ಆರ್. ಗಾಮಾ. ಅದರ ಸ್ವಭಾವ ಬೇರೆ. ಅದು ಉರಿಸುವವನಲ್ಲ, ಕೂಡಿಡುವವನು. ಎಳೆಯ ಕೋಶಗಳನ್ನು ಕೊಬ್ಬಿನ ಕೋಶಗಳಾಗಿ ಬೆಳೆಸುವ ಶಕ್ತಿ ಅದಕ್ಕುಂಟೆಂದು 1994ರಲ್ಲಿ ತಿಳಿಯಿತು. ಮರುವರ್ಷವೇ ಇನ್ನೊಂದು ಸಂಗತಿ ಹೊರಬಿತ್ತು. ಸಕ್ಕರೆ ಕಾಯಿಲೆಗಾಗಿ ಆಗ ಸಿದ್ಧವಾಗುತ್ತಿದ್ದ ಗ್ಲಿಟಜೋನ್ ಎಂಬ ಜಾತಿಯ ಔಷಧಗಳು ಹಿಡಿಯುತ್ತಿದ್ದುದು ಇದನ್ನೇ. ಕೊಬ್ಬು ಬೆಳೆಸುವ ಗ್ರಾಹಿಯನ್ನು ಎಬ್ಬಿಸಿದರೆ ಸಕ್ಕರೆ ಇಳಿಯುವುದೆಂದರೆ ವಿಚಿತ್ರವಲ್ಲವೆ? ರೋಗಿಯ ತೂಕ ಸ್ವಲ್ಪ ಏರುತ್ತದೆ, ಕಾಯಿಲೆ ಮಾತ್ರ ಹತೋಟಿಗೆ ಬರುತ್ತದೆ. ಇದರ ಗುಟ್ಟು ಇಷ್ಟು: ಕೊಬ್ಬು ಇರಬೇಕಾದ ಜಾಗದಲ್ಲಿ, ಎಂದರೆ ಚರ್ಮದ ಕೆಳಗಿನ ಕೊಬ್ಬಿನ ಕೋಶದಲ್ಲಿ ಇದ್ದರೆ ಕೇಡು ಕಡಮೆ. ಅಲ್ಲಿ ಜಾಗ ಸಾಲದೆ ಯಕೃತ್ತಿಗೂ ಸ್ನಾಯುವಿಗೂ ಹರಿದು ಸೇರಿದರೆ ಅಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಗಾಮಾ ಗ್ರಾಹಿ ಕಣಜವನ್ನು ವಿಸ್ತರಿಸಿ ಕಾಳು ಬೀದಿಗೆ ಬೀಳದಂತೆ ನೋಡಿಕೊಳ್ಳುತ್ತದೆ.

ಇದು ನಮ್ಮ ದೇಶದವರು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ 2004ರಲ್ಲಿ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಲ್ಲಿ ಇಬ್ಬರೂ ಸಮ, ಇಬ್ಬರದೂ 22.3. ಆದರೆ ಮೈಯ ಕೊಬ್ಬನ್ನು ಅಳೆದಾಗ ಲಂಡನ್ನಿನವರಲ್ಲಿ ಶೇಕಡಾ 9.1, ಪುಣೆಯವರಲ್ಲಿ ಶೇಕಡಾ 21.2. ಕಣ್ಣಿಗೆ ತೆಳ್ಳಗೆ ಕಾಣುವ ಭಾರತೀಯನ ಮೈಯಲ್ಲಿ ಕೊಬ್ಬು ಅಡಗಿ ಕುಳಿತಿರಬಹುದು. "ನಾನು ದಪ್ಪಗಿಲ್ಲ, ನನಗೆಲ್ಲಿಯ ಸಕ್ಕರೆ ಕಾಯಿಲೆ" ಎಂದು ಹೇಳುವವರು ಈ ಚಿತ್ರವನ್ನು ನೆನೆಯಬೇಕು.

ಗ್ಲಿಟಜೋನುಗಳ ಕಥೆ ಸುಖವಾಗಿಯೇ ಮುಗಿಯಿತೆಂದು ಹೇಳುವಂತಿಲ್ಲ. ಮೊದಲನೆಯದಾದ ಟ್ರೊಗ್ಲಿಟಜೋನ್ 1997ರಲ್ಲಿ ಅಮೆರಿಕದ ಅಂಗಡಿಗೆ ಬಂತು. ಯಕೃತ್ತಿಗೆ ಹಾನಿ ಮಾಡುತ್ತದೆಂದು 2000ದಲ್ಲಿ ಹಿಂದೆಗೆಯಿತು. 1999ರಲ್ಲಿ ಬಂದ ರೋಸಿಗ್ಲಿಟಜೋನಿನಿಂದ ಹೃದಯಾಘಾತ ಹೆಚ್ಚುತ್ತದೆಂಬ ಶಂಕೆ 2007ರಲ್ಲಿ ಎದ್ದು, 2010ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದರು. ಮರುಪರಿಶೀಲನೆಯ ಬಳಿಕ ಅಮೆರಿಕದಲ್ಲಿ 2013ರಲ್ಲಿ ನಿರ್ಬಂಧ ಸಡಿಲವಾಯಿತು. ಪಿಯೋಗ್ಲಿಟಜೋನನ್ನು ಅದೇ 2013ರ ಜೂನ್ ತಿಂಗಳಲ್ಲಿ ನಮ್ಮ ಸರ್ಕಾರ ತಡೆಹಿಡಿದು, ಜುಲೈ ಕೊನೆಯಲ್ಲಿ ಎಚ್ಚರಿಕೆಯ ಮಾತನ್ನು ಸೇರಿಸಿ ಮತ್ತೆ ಮಾರಲು ಬಿಟ್ಟಿತು. ಆ ವರ್ಷವೇ ಆಲ್ಫಾ ಗಾಮಾ ಎರಡನ್ನೂ ಎಬ್ಬಿಸುವ ಸಾರೋಗ್ಲಿಟಜಾರ್ ಎಂಬ ಔಷಧಕ್ಕೆ ಭಾರತದಲ್ಲಿ ಅನುಮತಿ ದೊರೆಯಿತು. ಅದು ಅಹಮದಾಬಾದಿನ ಕಂಪನಿಯೊಂದು ತಾನೇ ಕಂಡುಹಿಡಿದು ರೂಪಿಸಿದ್ದು. ಶಾನುಭೋಗನ ಕೈಯಲ್ಲಿ ಒಂದೇ ಹಾಳೆ ಇರುವುದಿಲ್ಲ, ನೂರಾರು ಇರುತ್ತವೆ. ಬೇಕಾದ ಹಾಳೆ ತೆರೆಯುವಾಗ ಬೇಡದ ಹಾಳೆಯೂ ತೆರೆದುಕೊಳ್ಳುತ್ತದೆ. ಈ ಜಾತಿಯ ಔಷಧಗಳೆಲ್ಲಕ್ಕೂ ಇರುವ ತೊಡಕು ಇದೇ.

ಇನ್ನು ಕೊಲೆಸ್ಟರಾಲಿನ ಲೆಕ್ಕ. ಆಮ್ಲಜನಕ ಸೇರಿ ಮಾರ್ಪಟ್ಟ ಕೊಲೆಸ್ಟರಾಲು ಎಲ್.ಎಕ್ಸ್.ಆರ್. ಎಂಬ ಅನಾಥನ ಒಡೆಯನೆಂದು 1996ರಲ್ಲಿ ಗೊತ್ತಾಯಿತು. ಕೋಶದಲ್ಲಿ ಕೊಲೆಸ್ಟರಾಲು ಹೆಚ್ಚಿದಾಗ ಇದು ಎಚ್ಚತ್ತು, ಹೆಚ್ಚಾದದ್ದನ್ನು ಹೊರಗೆ ಸಾಗಿಸುವ ಹಾಳೆಯನ್ನು ತೆರೆಯುತ್ತದೆ. ಹಾಗಾದರೆ ಇದನ್ನು ಎಬ್ಬಿಸುವ ಗುಳಿಗೆಯೊಂದನ್ನು ನುಂಗಿದರೆ ರಕ್ತನಾಳಗಳು ಶುದ್ಧವಾಗುವುವಲ್ಲ ಎಂದು ಬಹಳ ಆಸೆ ಪಟ್ಟರು. ಆದರೆ ಅದೇ ಗ್ರಾಹಿ ಯಕೃತ್ತಿನಲ್ಲಿ ಹೊಸ ಕೊಬ್ಬನ್ನು ತಯಾರಿಸುವ ಹಾಳೆಯನ್ನೂ ತೆರೆಯುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತಾಯಿತು.

ಕೊಲೆಸ್ಟರಾಲು ದೇಹದಿಂದ ಹೊರಹೋಗುವ ಮುಖ್ಯ ದಾರಿ ಪಿತ್ತ. ಯಕೃತ್ತು ದಿನಕ್ಕೆ ಸುಮಾರು ಅರ್ಧ ಗ್ರಾಮಿನಷ್ಟು ಕೊಲೆಸ್ಟರಾಲನ್ನು ಪಿತ್ತದ ಆಮ್ಲವಾಗಿ ಮಾರ್ಪಡಿಸುತ್ತದೆ. ಈ ಆಮ್ಲ ಸಾಬೂನಿನಂತೆ. ಊಟದ ಜಿಡ್ಡನ್ನು ಕರಗಿಸುತ್ತದೆ. ಕೆಲಸ ಮುಗಿದ ಮೇಲೆ ಬಹುಪಾಲು ಕರುಳಿನಿಂದ ಮರಳಿ ಯಕೃತ್ತಿಗೆ ಬರುತ್ತದೆ. ದಿನದಲ್ಲಿ ಹಲವು ಸಲ ಹೀಗೆ ಸುತ್ತುತ್ತದೆ. ಆದರೆ ಸಾಬೂನು ಹೆಚ್ಚಾದರೆ ಪಾತ್ರೆಯ ಕಲಾಯಿಯೂ ಹೋಗುವಂತೆ, ಪಿತ್ತದ ಆಮ್ಲ ಹೆಚ್ಚಾದರೆ ಯಕೃತ್ತಿನ ಕೋಶಗಳೇ ಸವೆಯುತ್ತವೆ. ಆದುದರಿಂದ ಅದಕ್ಕೊಬ್ಬ ಕಾವಲುಗಾರ ಬೇಕು. ಆ ಕಾವಲುಗಾರ ಎಫ್.ಎಕ್ಸ್.ಆರ್. 1995ರಲ್ಲಿ ಇದನ್ನು ಕಂಡಾಗ ಬೇರೊಂದು ವಸ್ತುವಿನ ಹೆಸರನ್ನು ಇದಕ್ಕೆ ಅಂಟಿಸಿದ್ದರು. ಪಿತ್ತದ ಆಮ್ಲಗಳೇ ಇದರ ನಿಜವಾದ ಒಡೆಯರೆಂದು 1999ರಲ್ಲಿ ಮೂರು ಗುಂಪುಗಳವರು ಬೇರೆ ಬೇರೆಯಾಗಿ ತೋರಿಸಿದರು. ಕರುಳಿನಲ್ಲಿ ಪಿತ್ತ ಸಾಕಷ್ಟಿದೆ ಎಂದು ಇದು ಕಂಡಾಗ ಯಕೃತ್ತಿಗೆ ಸುದ್ದಿ ಹೋಗುತ್ತದೆ. ಅಲ್ಲಿ ಪಿತ್ತ ತಯಾರಿಸುವ ಹಾಳೆ ಮುಚ್ಚಿಕೊಳ್ಳುತ್ತದೆ. ಇದನ್ನು ಎಬ್ಬಿಸುವ ಒಬೆಟಿಕೋಲಿಕ್ ಆಮ್ಲ ಎಂಬ ಔಷಧಕ್ಕೆ ಪಿತ್ತನಾಳಗಳು ಹಾಳಾಗುವ ಒಂದು ರೋಗಕ್ಕಾಗಿ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಿರೀಕ್ಷಿಸಿದ ಲಾಭ ಸಿದ್ಧಪಡಲಿಲ್ಲವೆಂದು ಯೂರೋಪಿನಲ್ಲಿ 2024ರಲ್ಲಿ ಅನುಮತಿ ರದ್ದಾಯಿತು. 2025ರಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೂ ತಯಾರಕರು ಹಿಂದೆಗೆದರು. ಅದೇ ರೋಗಕ್ಕೆ ಪಿ.ಪಿ.ಎ.ಆರ್. ಕುಟುಂಬವನ್ನು ಎಬ್ಬಿಸುವ ಎರಡು ಹೊಸ ಔಷಧಗಳು 2024ರಲ್ಲಿ ಬಂದಿವೆ.

ಈ ಎಫ್.ಎಕ್ಸ್.ಆರ್. ಗ್ರಾಹಿಗೂ ನಮ್ಮ ನಾಡಿನ ಒಂದು ಹಳೆಯ ವಸ್ತುವಿಗೂ ನಂಟುಂಟು. ಗುಗ್ಗುಳವನ್ನು ನೀವೆಲ್ಲ ಬಲ್ಲಿರಿ. ದೇವರ ಮುಂದೆ ಧೂಪವಾಗಿ ಉರಿಯುವ ಅಂಟು ಅದು. ವೀರಭದ್ರನ ಸೇವೆಯಲ್ಲಿ ಅದರ ಹೆಸರೇ ಒಂದು ಆಚರಣೆಗೆ ಬಂದಿದೆ. ರಾಜಸ್ಥಾನ, ಗುಜರಾತುಗಳ ಒಣನೆಲದಲ್ಲಿ ಬೆಳೆಯುವ ಮುಳ್ಳುಗಿಡದ ತೊಗಟೆಯಿಂದ ಒಸರುತ್ತದೆ. ಸುಶ್ರುತ ಸಂಹಿತೆಯಲ್ಲಿ ಮೇದಸ್ಸು ಬೆಳೆದವರಿಗೆ ಇದನ್ನು ಹೇಳಿದೆ. ಆ ಮಾತನ್ನು ಹಿಡಿದುಕೊಂಡು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಿ. ವಿ. ಸತ್ಯವತಿಯವರು ಸಂಶೋಧನೆ ಮಾಡಿ, 1966ರ ತಮ್ಮ ಪ್ರಬಂಧದಲ್ಲಿ ಪ್ರಾಣಿಗಳ ರಕ್ತದ ಕೊಬ್ಬನ್ನು ಇದು ಇಳಿಸುತ್ತದೆಂದು ತೋರಿಸಿದರು. ಲಕ್ನೋವಿನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೆಲಸದಿಂದ ಅದು 1980ರ ದಶಕದಲ್ಲಿ ಮಾತ್ರೆಯ ರೂಪ ತಾಳಿತು. 2002ರಲ್ಲಿ ಅಮೆರಿಕದವರು ಗುಗ್ಗುಳದ ಸಾರವು ಎಫ್.ಎಕ್ಸ್.ಆರ್. ಗ್ರಾಹಿಯನ್ನು ತಡೆಯುತ್ತದೆಂದು ಪ್ರಕಟಿಸಿದಾಗ, ನಮ್ಮ ಪೂರ್ವಿಕರ ಮಾತಿಗೆ ಹೊಸ ಶಾಸ್ತ್ರದ ಮುದ್ರೆ ಬಿತ್ತೆಂದು ಹಿಗ್ಗಿದವರು ಹಲವರು. ಆದರೆ 2003ರಲ್ಲಿ ಫಿಲಡೆಲ್ಫಿಯದಲ್ಲಿ 103 ಜನರ ಮೇಲೆ 8 ವಾರ ನಡೆಸಿದ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲು ಇಳಿಯಲಿಲ್ಲ, ಸ್ವಲ್ಪ ಏರಿತು. ಕೆಲವರ ಚರ್ಮದಲ್ಲಿ ದದ್ದುಗಳೂ ಎದ್ದವು. ಆ ಜನ ಬೇರೆ, ಅವರ ಊಟ ಬೇರೆ ಎನ್ನುವವರುಂಟು. ಇರಬಹುದು. ಹಾಗಿದ್ದರೆ ನಮ್ಮ ಜನರ ನಡುವೆ ಅಷ್ಟೇ ಕಟ್ಟುನಿಟ್ಟಾದ ಪರೀಕ್ಷೆ ನಡೆಸುವುದು ಅದಕ್ಕೆ ಸರಿಯಾದ ಉತ್ತರ. ಪುರಾತನರು ಹೇಳಿದ್ದೆಂದು ಒಪ್ಪುವುದೂ, ಪುರಾತನರು ಹೇಳಿದ್ದೆಂದೇ ತಳ್ಳುವುದೂ ಎರಡೂ ಶಾಸ್ತ್ರದ ದಾರಿಯಲ್ಲ.

ಈಗ ನಮ್ಮ ಮನೆಮನೆಗೂ ತಟ್ಟಬಹುದಾದ ಗ್ರಾಹಿಯೊಂದನ್ನು ನೋಡೋಣ. ಅದರ ಹೆಸರು ಪಿ.ಎಕ್ಸ್.ಆರ್.; 1998ರಲ್ಲಿ ಬೆಳಕಿಗೆ ಬಂತು. ಉಳಿದ ಗ್ರಾಹಿಗಳ ಗೂಡು ಇಕ್ಕಟ್ಟು. ಒಂದೆರಡು ವಸ್ತುಗಳಿಗೆ ಮಾತ್ರ ಅಲ್ಲಿ ಎಡೆಯುಂಟು. ಇದರ ಗೂಡು ವಿಶಾಲ, ಛತ್ರವಿದ್ದಂತೆ. ಯಾರು ಬಂದರೂ ಒಳಗೆ ಸೇರಿಸುತ್ತದೆ. ಹೊರಗಿನ ವಸ್ತು, ವಿಷ, ಔಷಧ ಮೈಗೆ ಬಂದುದನ್ನು ಕಂಡು, ಅದನ್ನು ಮುರಿದು ಹೊರಹಾಕುವ ಹಾಳೆಗಳನ್ನು ತೆರೆಯುವುದೇ ಇದರ ಕೆಲಸ. ಒಳ್ಳೆಯ ಕಾವಲುಗಾರನೇ ಸರಿ. ಆದರೆ ವಿಷಕ್ಕೂ ಮದ್ದಿಗೂ ಇರುವ ಭೇದ ಈ ಕಾವಲುಗಾರನಿಗೆ ತಿಳಿಯದು.

ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧ, ಮೂತ್ರವನ್ನು ಕೆಂಪಾಗಿಸುವ ಆ ಮಾತ್ರೆ, ಈ ಗ್ರಾಹಿಯನ್ನು ಬಲವಾಗಿ ಎಬ್ಬಿಸುತ್ತದೆ. ಎಬ್ಬಿಸಿದಾಗ ಯಕೃತ್ತು ಇತರ ಔಷಧಗಳನ್ನೂ ವೇಗವಾಗಿ ಮುರಿಯತೊಡಗುತ್ತದೆ. ಸಂತಾನನಿರೋಧದ ಮಾತ್ರೆ ನುಂಗುತ್ತಿರುವ ಹೆಂಗಸಿಗೆ ಆ ಮಾತ್ರೆ ಫಲಿಸದೆ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಎಚ್.ಐ.ವಿ.ಯ ಕೆಲವು ಔಷಧಗಳು ತಮ್ಮ ಬಲ ಕಳೆದುಕೊಳ್ಳುತ್ತವೆ. 1970ರ ದಶಕದಿಂದಲೇ ವೈದ್ಯರು ಇದನ್ನು ಕಂಡಿದ್ದರು. ಕಾರಣ ತಿಳಿದದ್ದು ಈ ಅನಾಥ ಗ್ರಾಹಿ ಸಿಕ್ಕಿದ ಮೇಲೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಇದು ಏಕೆ ಎದ್ದು ಕಾಣಲಿಲ್ಲವೆಂಬುದೂ ಆಗಲೇ ತಿಳಿಯಿತು. ರಿಫಾಂಪಿಸಿನ್ ಮನುಷ್ಯನ ಗ್ರಾಹಿಯನ್ನು ಎಬ್ಬಿಸುತ್ತದೆ, ಇಲಿಯದನ್ನು ಎಬ್ಬಿಸುವುದಿಲ್ಲ.

ಗಿಡಮೂಲಿಕೆಯಿಂದ ಏನೂ ಬಾಧೆಯಿಲ್ಲವೆಂದು ತಿಳಿಯಬಾರದು. 2000ದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಬದಲಿ ಹೃದಯ ಜೋಡಿಸಿಕೊಂಡಿದ್ದ ಇಬ್ಬರು ರೋಗಿಗಳ ದೇಹ ಆ ಹೃದಯವನ್ನು ತಿರಸ್ಕರಿಸತೊಡಗಿತು. ವಿಚಾರಿಸಿದಾಗ ಮನಸ್ಸಿನ ಬೇಸರಕ್ಕೆಂದು ಅವರು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಗುಳಿಗೆಯನ್ನು ಸೇವಿಸುತ್ತಿದ್ದರೆಂದು ತಿಳಿಯಿತು. ಆ ಮೂಲಿಕೆಯ ಸಾರವೂ ಪಿ.ಎಕ್ಸ್.ಆರ್. ಗ್ರಾಹಿಯನ್ನೇ ಎಬ್ಬಿಸಿ, ಹೃದಯವನ್ನು ಕಾಯುತ್ತಿದ್ದ ಔಷಧವನ್ನು ಕರಗಿಸಿಹಾಕಿತ್ತು. ನಮ್ಮ ಗುಗ್ಗುಳದ ಸಾರವೂ ಈ ಗ್ರಾಹಿಯನ್ನು ಎಬ್ಬಿಸಬಲ್ಲದೆಂದು 2004ರಲ್ಲಿ ಗೊತ್ತಾಯಿತು. ಆದುದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ವೈದ್ಯರ ಬಳಿಗೆ ಹೋದಾಗ ಅವರು ಕೊಟ್ಟ ಮಾತ್ರೆಗಳನ್ನು ಮಾತ್ರವಲ್ಲ, ಇನ್ನೊಬ್ಬ ವೈದ್ಯರು ಕೊಟ್ಟದ್ದು, ಪಂಡಿತರು ಕೊಟ್ಟ ಲೇಹ್ಯ, ಅಂಗಡಿಯಿಂದ ತಂದ ಚೂರ್ಣ, ಎಲ್ಲವನ್ನೂ ತಿಳಿಸಿರಿ. ಕ್ಷಯದ ಔಷಧವನ್ನಂತೂ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬೇಡಿ. ಬದಲಾಯಿಸಬೇಕಾದ್ದು ಇತರ ಔಷಧಗಳನ್ನು, ಅದೂ ವೈದ್ಯರ ಮಾತಿನಂತೆ. ಸಂತಾನನಿರೋಧಕ್ಕೆ ಆ ತಿಂಗಳುಗಳಲ್ಲಿ, ಮುಗಿದ ಮೇಲೂ ಕೆಲವು ವಾರ, ಬೇರೆ ಉಪಾಯವನ್ನು ಕೇಳಿ ತಿಳಿದುಕೊಳ್ಳಬೇಕು. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಹೊತ್ತಿನ ಲೆಕ್ಕವಿಡುವ ಗ್ರಾಹಿಯೂ ಇದೆ. ರೆವ್-ಎರ್ಬ್ ಎಂಬುದು ಅದರ ಹೆಸರು. ಹಗಲು ರಾತ್ರಿಗಳಿಗೆ ತಕ್ಕಂತೆ ಕೋಶದೊಳಗೆ ನಡೆಯುವ ಗಡಿಯಾರದ ಒಂದು ಮುಖ್ಯ ಚಕ್ರ ಇದು ಎಂದು 2002ರಲ್ಲಿ ತಿಳಿಯಿತು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಕಬ್ಬಿಣದ ವಸ್ತುವೇ ಇದರ ಒಡೆಯನೆಂದು 2007ರಲ್ಲಿ ಕಂಡರು. ಯಕೃತ್ತು ಯಾವ ಹೊತ್ತಿನಲ್ಲಿ ಕೊಬ್ಬು ತಯಾರಿಸಬೇಕು, ಯಾವ ಹೊತ್ತಿನಲ್ಲಿ ಸುಮ್ಮನಿರಬೇಕು ಎಂಬುದರಲ್ಲಿ ಇದರ ಕೈವಾಡವಿದೆ. ಬಹುಕಾಲ ರಾತ್ರಿಪಾಳಿಯಲ್ಲಿ ದುಡಿಯುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಾಣುತ್ತದೆ. ಅಕಾಲದ ಊಟವೂ ಅಕಾಲದ ನಿದ್ದೆಯೂ ಈ ಗಡಿಯಾರಕ್ಕೆ ಒಗ್ಗುವುದಿಲ್ಲವೆಂಬುದು ಅದಕ್ಕೆ ಒಂದು ಕಾರಣವಿರಬೇಕು.

ಕೆಲವು ಮನೆತನಗಳಲ್ಲಿ ಇಪ್ಪತ್ತೈದು ವಯಸ್ಸಿನ ಒಳಗೇ ಸಕ್ಕರೆ ಕಾಯಿಲೆ ಬರುತ್ತದೆ. ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಇಳಿಯುತ್ತದೆ. ಇದರ ಒಂದು ಬಗೆಗೆ ಎಚ್.ಎನ್.ಎಫ್. 4 ಆಲ್ಫಾ ಎಂಬ ಗ್ರಾಹಿಯ ಜೀನಿನಲ್ಲಿನ ದೋಷ ಕಾರಣವೆಂದು 1996ರಲ್ಲಿ ತಿಳಿಯಿತು. ಇಂಥವರಲ್ಲಿ ಹಲವರಿಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗಿಲ್ಲ. ಸಲ್ಫೊನೈಲ್ ಯೂರಿಯಾ ಜಾತಿಯ ಹಳೆಯ, ಅಗ್ಗದ ಮಾತ್ರೆ ಅಲ್ಪ ಪ್ರಮಾಣದಲ್ಲಿಯೇ ಸಾಕಾಗುತ್ತದೆ. ಎಳೆಯ ವಯಸ್ಸಿನ ಕಾಯಿಲೆಯೆಲ್ಲ ಒಂದೇ ಎಂದು ತಿಳಿದು ಜೀವಮಾನವೆಲ್ಲ ಸೂಜಿ ಹಿಡಿಸುವ ಮೊದಲು ಮನೆತನದ ವೃತ್ತಾಂತವನ್ನು ವಿಚಾರಿಸುವುದು ಎಷ್ಟು ಅವಶ್ಯಕವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಾದರೂ ಎಲ್ಲ ಅನಾಥರಿಗೂ ಒಡೆಯರು ಸಿಕ್ಕಿಲ್ಲ. 1988ರಲ್ಲಿ ಮೊದಲು ಕಂಡ ಆ ಇಬ್ಬರು ಸೋದರಿಯರೇ ಇಂದಿಗೂ ಅನಾಥರ ಪಟ್ಟಿಯಲ್ಲಿ ಇದ್ದಾರೆ. ನರ್1 ಎಂಬ ಇನ್ನೊಂದರ ರೂಪವನ್ನು 2003ರಲ್ಲಿ ಎಕ್ಸ್ ಕಿರಣಗಳಿಂದ ನೋಡಿದಾಗ, ಹಾರ್ಮೋನು ಕೂಡಬೇಕಾದ ಗೂಡಿನಲ್ಲಿ ತೆರಪೇ ಇರಲಿಲ್ಲ. ಅದರ ಸ್ವಂತ ಅಂಗಗಳೇ ಅಲ್ಲಿ ತುಂಬಿದ್ದವು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಹುಟ್ಟಿ ಬೆಳೆಯಬೇಕಾದರೆ ಈ ಗ್ರಾಹಿ ಬೇಕೇ ಬೇಕು. ಬಹುಶಃ ಇಂಥವು ಯಾರ ಹುಕುಮನ್ನೂ ಕಾಯದೆ, ತಾವು ಎಷ್ಟು ಸಂಖ್ಯೆಯಲ್ಲಿ ಇದ್ದೇವೆ ಎಂಬುದರಿಂದಲೇ ಕೆಲಸ ನಡೆಸುವ ಜಾತಿಯವು. ಅನಾಥವೆಂದು ನಾವು ಕರೆದದ್ದು ಅವುಗಳ ದೃಷ್ಟಿಯಲ್ಲಿ ಸ್ವತಂತ್ರವಾಗಿರಬಹುದು. ಅನಾಥವೆಂಬ ಹೆಸರು ಅವುಗಳ ಕೊರತೆಯನ್ನು ಹೇಳುವುದಕ್ಕಿಂತ ನಮ್ಮ ತಿಳಿವಳಿಕೆಯ ಕೊರತೆಯನ್ನೇ ಹೇಳುತ್ತದೆ.

ಜೆನ್ಸನ್, ಷಾಂಬೋನ್, ಇವಾನ್ಸ್ ಈ ಮೂವರಿಗೂ 2004ರಲ್ಲಿ ಅಮೆರಿಕದ ಲಾಸ್ಕರ್ ಪಾರಿತೋಷಕ ಸಂದಿತು. ಆದರೆ ಈ ಶಾಸ್ತ್ರದಿಂದ ಸಾಮಾನ್ಯ ಜನಕ್ಕೆ ಸಂದ ಪಾರಿತೋಷಕ ಬೇರೆ. ನಾವು ಉಣ್ಣುವ ಅನ್ನ ಉರುವಲು ಮಾತ್ರವಲ್ಲ, ಅದು ಒಂದು ಆಜ್ಞೆಯೂ ಹೌದು ಎಂಬ ತಿಳಿವಳಿಕೆ ಅದು. ಪ್ರತಿಯೊಂದು ತುತ್ತೂ ಜೀವಕೋಶದ ಕೇಂದ್ರದವರೆಗೆ ಹೋಗಿ ಯಾವುದೋ ಹಾಳೆಯನ್ನು ತೆರೆಯುತ್ತದೆ, ಯಾವುದನ್ನೋ ಮುಚ್ಚುತ್ತದೆ. ಹಿತವಾಗಿ, ಮಿತವಾಗಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದನ್ನು ಕೇಳಿ ನಡೆಯುವ ಶಾನುಭೋಗರು ನಮ್ಮ ಮೈಯೊಳಗೇ ಕುಳಿತಿದ್ದಾರೆ. ಅವರಿಗೆ ಹುಕುಂ ಕಳಿಸುವ ಅಧಿಕಾರದ ಒಂದು ಪಾಲು ದಿನಕ್ಕೆ ಎರಡು ಮೂರು ಸಲ ನಮ್ಮ ಕೈಯಲ್ಲೇ ಇರುತ್ತದೆ.